ಮಾಂಸಖಂಡದ ತೂಬು

ಮಂಡ್ಯ, ಮದ್ದೂರು, ಮಳವಳ್ಳಿ ಸೀಮೆಯ ರೈತನಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1911ರಲ್ಲಿ ಕಟ್ಟಲು ಮೊದಲಿಟ್ಟ ಕನ್ನಂಬಾಡಿ ಕಟ್ಟೆಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಬಂದು, ತೂಬು ತೆರೆದಾಗ ಗದ್ದೆಗೆ ಇಳಿಯಬೇಕು, ಸಾಕಾದಾಗ ನಿಲ್ಲಬೇಕು. ಬೆಳೆಯನ್ನು ಬದುಕಿಸುವ ಆ ನೀರೇ ಏರಿ ಒಡೆದು ನುಗ್ಗಿದರೆ ಬೆಳೆಯನ್ನು ಕೊಳೆಯಿಸುತ್ತದೆ. ನಮ್ಮ ಮಾಂಸಖಂಡಗಳಲ್ಲಿ ಕ್ಯಾಲ್ಸಿಯಮ್ಮಿನ ವ್ಯವಹಾರವೂ ಬಹುಮಟ್ಟಿಗೆ ಇಂಥದೇ.

ಕಬ್ಬಿನ ಹೊರೆಯನ್ನು ಎತ್ತಲು ಮನಸ್ಸು ಮಾಡಿದೊಡನೆ ಮೆದುಳಿನ ಸಂದೇಶ ನರದ ಮೂಲಕ ಮಾಂಸಖಂಡದ ಎಳೆಯನ್ನು ಮುಟ್ಟುತ್ತದೆ. ಎಳೆಯ ಹೊದಿಕೆಯ ಮೇಲೆ ವಿದ್ಯುತ್ತಿನ ಅಲೆಯಾಗಿ ಹರಿಯುತ್ತದೆ. ಎಳೆಯೊಳಗೆ ಅತಿ ಸೂಕ್ಷ್ಮವಾದ ಚೀಲಗಳಿವೆ. ಇವೇ ಕ್ಯಾಲ್ಸಿಯಮ್ಮಿನ ಜಲಾಶಯ. ಅಲೆ ಬಂದಾಗ ಈ ಚೀಲಗಳ ಬಾಗಿಲು ತೆರೆದು ಕ್ಯಾಲ್ಸಿಯಂ ಅಯಾನುಗಳು ಹೊರಬೀಳುತ್ತವೆ. ಟ್ರೋಪೋನಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ. ಈ ಪ್ರೋಟೀನನ್ನು 1965ರಲ್ಲಿ ಬೆಳಕಿಗೆ ತಂದವರು ಜಪಾನಿನ ಎಬಾಶಿ ಮತ್ತು ಕೊಡಾಮಾ. ಅಯಾನು ಅಂಟಿದಾಗ ಅಡ್ಡಲಾಗಿದ್ದ ತಡೆ ಸರಿಯುತ್ತದೆ, ಮಯೋಸಿನ್ ತಂತು ಆಕ್ಟಿನ್ ತಂತುವನ್ನು ಹಿಡಿದು ಜಗ್ಗುತ್ತದೆ, ಮಾಂಸಖಂಡ ಕುಗ್ಗುತ್ತದೆ.

ಹೊರೆಯನ್ನು ಇಳಿಸಿದ ಮೇಲೆ ಏನಾಗಬೇಕು? ನಾಲೆಗೂ ಮಾಂಸಖಂಡಕ್ಕೂ ಇರುವ ಭೇದ ಇಲ್ಲಿ ಕಾಣುತ್ತದೆ. ಗದ್ದೆಗೆ ಇಳಿದ ನೀರನ್ನು ಯಾರೂ ಕಟ್ಟೆಗೆ ಮರಳಿ ಏರಿಸುವುದಿಲ್ಲ. ಮಾಂಸಖಂಡವಾದರೋ ಹೊರಬಂದ ಕ್ಯಾಲ್ಸಿಯಮ್ಮನ್ನು ಮತ್ತೆ ಚೀಲಗಳಿಗೆ ಏರಿಸಲೇಬೇಕು. ಚೀಲಗಳ ಗೋಡೆಯಲ್ಲಿರುವ ಪಂಪುಗಳು ಈ ಕೆಲಸ ಮಾಡುತ್ತವೆ. ಎರಡು ಅಯಾನುಗಳನ್ನು ಒಳಕ್ಕೆ ದಾಟಿಸಲು ಒಂದು ಎ.ಟಿ.ಪಿ. ಅಣು ವೆಚ್ಚವಾಗುತ್ತದೆ. ಎಂದರೆ, ಕುಗ್ಗಲು ಮಾತ್ರವಲ್ಲ, ಸಡಿಲಗೊಳ್ಳಲೂ ಶಕ್ತಿ ಬೇಕು. ವಿಶ್ರಾಂತ ಸ್ಥಿತಿಯಲ್ಲಿ ಎಳೆಯೊಳಗಿನ ಕ್ಯಾಲ್ಸಿಯಮ್ಮಿನ ಸಾಂದ್ರತೆ ಹೊರಗಿನ ದ್ರವದಲ್ಲಿರುವುದರ ಸುಮಾರು ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ. ಇಷ್ಟು ಒತ್ತಡವನ್ನು ತಡೆದು ನಿಂತಿರುವ ಏರಿಯೇ ಎಳೆಯ ತೆಳುವಾದ ಹೊದಿಕೆ.

ಈ ಹೊದಿಕೆಯನ್ನು ಒಳಗಿನ ತಂತುಗಳಿಗೆ ಬಿಗಿದು, ಎಳೆದಾಟದಲ್ಲಿ ಹರಿಯದಂತೆ ಕಾಯುವ ಪ್ರೋಟೀನು ಡಿಸ್ಟ್ರೋಫಿನ್. 1987ರಲ್ಲಿ ಅಮೆರಿಕದ ಕಂಕೆಲ್ ಮತ್ತು ಸಂಗಡಿಗರು ಇದನ್ನು ಗುರುತಿಸಿದರು. ಡುಶೆನ್ ಮಾಂಸಖಂಡ ಕ್ಷಯವೆಂಬ ರೋಗದಲ್ಲಿ ಇರದಿರುವುದು ಇದೇ. ಇದು ಇಲ್ಲದ ಎಳೆ ಕುಗ್ಗಿದಾಗಲೆಲ್ಲ ಹೊದಿಕೆಯಲ್ಲಿ ಬಿರುಕುಗಳು ಮೂಡಿ, ಹೊರಗಿನ ಕ್ಯಾಲ್ಸಿಯಂ ಒಳಕ್ಕೆ ನುಗ್ಗುತ್ತದೆ. ಮಿತಿಮೀರಿದ ಕ್ಯಾಲ್ಸಿಯಂ ಕ್ಯಾಲ್ಪೇನ್ ಎಂಬ ಕಿಣ್ವವನ್ನು ಕೆರಳಿಸುತ್ತದೆ. ಆ ಕಿಣ್ವ ಎಳೆಯ ಪ್ರೋಟೀನುಗಳನ್ನೇ ಕತ್ತರಿಸುತ್ತದೆ. ಎಳೆಗಳು ಸಾಯುತ್ತವೆ, ಅವುಗಳ ಸ್ಥಾನದಲ್ಲಿ ಕೊಬ್ಬೂ ನಾರೂ ತುಂಬಿಕೊಳ್ಳುತ್ತವೆ. ಶಕ್ತಿ ಕುಂದಿದ ಹುಡುಗನ ಮೀನಖಂಡ ದಪ್ಪವಾಗಿ ಕಾಣುವುದು ಬಹುಮಟ್ಟಿಗೆ ಇದರಿಂದಲೇ.

ಈ ರೋಗ ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ. ನಾಲ್ಕೈದು ವರ್ಷದ ಹುಡುಗ ಮೇಲಿಂದಮೇಲೆ ಬೀಳುತ್ತಿದ್ದರೆ, ನೆಲದಿಂದ ಏಳುವಾಗ ತೊಡೆಯ ಮೇಲೆ ಕೈಯೂರಿ ಮೈಯನ್ನು ಹತ್ತಿಸಿಕೊಳ್ಳುತ್ತಿದ್ದರೆ, ಸುಣ್ಣದಂಶ ಸಾಲದೆಂದು ಔಷಧವನ್ನಷ್ಟೇ ಕುಡಿಸಿ ಸುಮ್ಮನಿರಬಾರದು. ಈ ರೋಗದ ಮೂಲ ಕ್ಯಾಲ್ಸಿಯಮ್ಮಿನ ಕೊರತೆಯಲ್ಲ. ಅದು ತಪ್ಪಾದೆಡೆಗೆ ನುಗ್ಗುವುದೇ ಕೇಡು. ರಕ್ತದಲ್ಲಿ ಕ್ರಿಯಾಟಿನ್ ಕೈನೇಸ್ ಎಂಬ ಕಿಣ್ವದ ಪ್ರಮಾಣವನ್ನು ನೋಡಿದರೆ ಸುಳಿವು ಸಿಗುತ್ತದೆ. ಜೀನ್ ಪರೀಕ್ಷೆಯಿಂದ ಖಚಿತವಾಗುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಇದರ ತಪಾಸಣೆ ನಡೆಯುತ್ತದೆ. ಪೂರ್ತಿ ಗುಣಪಡಿಸುವ ಮದ್ದು ಇನ್ನೂ ಇಲ್ಲವಾದರೂ, ಸ್ಟೀರಾಯ್ಡ್ ಔಷಧಗಳಿಂದಲೂ ತಕ್ಕ ಅಂಗಸಾಧನೆಯಿಂದಲೂ ಹುಡುಗ ನಡೆದಾಡುವ ವರ್ಷಗಳನ್ನು ಹೆಚ್ಚಿಸಬಹುದು. ದೋಷವಿರುವ ಜೀನು ಎಷ್ಟೋ ಸಲ ತಾಯಿಯ ಮೂಲಕ ಬರುತ್ತದೆ, ಕೆಲವು ಸಲ ಹೊಸದಾಗಿಯೇ ಹುಟ್ಟುತ್ತದೆ. ಯಾವ ಬಗೆಯಲ್ಲಿಯೂ ಅದು ತಾಯಿಯ ತಪ್ಪಲ್ಲ. ಬಿರುಕನ್ನು ಬೇಗ ಕಂಡವನು ಏರಿಯನ್ನು ಇನ್ನಷ್ಟು ಕಾಲ ಉಳಿಸಿಕೊಳ್ಳಬಲ್ಲನೆಂಬುದನ್ನು ನಾಲೆಯ ಸೀಮೆಯವರು ಚೆನ್ನಾಗಿ ಬಲ್ಲರು.