ಮೌನವು ಸಮ್ಮತಿಯಲ್ಲ

‘ಮೌನಂ ಸಮ್ಮತಿಲಕ್ಷಣಂ’ ಎಂಬ ಮಾತು ನಮ್ಮಲ್ಲಿ ಬಹುಕಾಲದಿಂದ ರೂಢಿಯಲ್ಲಿದೆ. ಸಭೆಯಲ್ಲಿ ಠರಾವನ್ನು ಓದಿದಾಗ ಯಾರೂ ಎದ್ದು ವಿರೋಧಿಸದಿದ್ದರೆ ಎಲ್ಲರೂ ಒಪ್ಪಿದರೆಂದು ತಿಳಿಯುವುದು ವ್ಯವಹಾರಕ್ಕೆ ಅನುಕೂಲವೇ ಸರಿ. ಆದರೆ ಇದೇ ಸೂತ್ರವನ್ನು ಮನುಷ್ಯನ ದೇಹಕ್ಕೆ, ಅದರಲ್ಲಿಯೂ ಮಕ್ಕಳ ದೇಹಕ್ಕೆ ಅನ್ವಯಿಸಿದರೆ ಘೋರವಾದ ಅನ್ಯಾಯವಾಗುತ್ತದೆ. ಪ್ರೌಢಶಾಲೆಗಳಲ್ಲಿ ‘ಸಮ್ಮತಿ’ ಎಂದರೇನೆಂಬುದನ್ನು ಕಲಿಸಬೇಕೇ ಬೇಡವೇ ಎಂಬ ಚರ್ಚೆಯ ತಿರುಳು ಇಲ್ಲಿಯೇ ಇದೆ.

ನಮ್ಮ ದೇಶದ ನ್ಯಾಯಾಲಯಗಳೂ ಈ ವಿಷಯದಲ್ಲಿ ಎಡವಿದ್ದುಂಟು. 1972ರಲ್ಲಿ ಮಹಾರಾಷ್ಟ್ರದ ದೇಸಾಯಿಗಂಜ್ ಪೊಲೀಸ್ ಠಾಣೆಯ ಆವರಣದಲ್ಲಿ ಆದಿವಾಸಿ ಬಾಲಕಿಯೊಬ್ಬಳ ಮೇಲೆ ಅತ್ಯಾಚಾರ ನಡೆಯಿತೆಂದು ಇಬ್ಬರು ಪೊಲೀಸರ ಮೇಲೆ ಆರೋಪ ಬಂದಿತು. ಉಚ್ಚ ನ್ಯಾಯಾಲಯವು ಅವರನ್ನು ಅಪರಾಧಿಗಳೆಂದಿತು. ಸರ್ವೋಚ್ಚ ನ್ಯಾಯಾಲಯವು 1978ರಲ್ಲಿ ಅವರನ್ನು ಬಿಡುಗಡೆ ಮಾಡಿತು. ಬಾಲಕಿಯ ಮೈಮೇಲೆ ಗಾಯದ ಗುರುತುಗಳಿರಲಿಲ್ಲ, ಆಕೆ ಪ್ರತಿಭಟಿಸಿದ ಕುರುಹಿರಲಿಲ್ಲ ಎಂಬುದು ಅದಕ್ಕೆ ಕೊಟ್ಟ ಮುಖ್ಯ ಕಾರಣಗಳಲ್ಲೊಂದು. ಮರುವರ್ಷ ಉಪೇಂದ್ರ ಬಕ್ಷಿಯವರೂ ಸೇರಿದಂತೆ ನಾಲ್ವರು ಕಾನೂನು ಪ್ರಾಧ್ಯಾಪಕರು ನ್ಯಾಯಾಲಯಕ್ಕೆ ಬಹಿರಂಗ ಪತ್ರ ಬರೆದರು. ಭಯದಿಂದ ಶರಣಾಗುವುದೇ ಬೇರೆ, ಮನಸಾ ಒಪ್ಪುವುದೇ ಬೇರೆ ಎಂಬುದು ಅವರ ವಾದದ ಸಾರವಾಗಿತ್ತು. ದೇಶದಾದ್ಯಂತ ಮಹಿಳೆಯರು ಬೀದಿಗಿಳಿದರು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. 2013ರ ತಿದ್ದುಪಡಿಯಂತೂ ಸಮ್ಮತಿಯೆಂದರೆ ಸ್ಪಷ್ಟವಾದ, ಸ್ವಇಚ್ಛೆಯ ಒಪ್ಪಿಗೆ ಎಂದು ವಿವರಿಸಿ, ಹೆಣ್ಣು ದೈಹಿಕವಾಗಿ ಪ್ರತಿಭಟಿಸಲಿಲ್ಲವೆಂಬ ಒಂದೇ ಕಾರಣದಿಂದ ಆಕೆ ಒಪ್ಪಿದಳೆಂದು ಭಾವಿಸಕೂಡದೆಂದು ವಿಧಿಸಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಈ ಮಾತು ಉಳಿದಿದೆ.

ಕಾನೂನು ಇಷ್ಟು ದೂರ ಬಂದಿದೆ. ನಮ್ಮ ಮನೆ ಮತ್ತು ಶಾಲೆಗಳು ಬಂದಿವೆಯೇ ಎಂಬುದು ಪ್ರಶ್ನೆ.

ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯವು 2007ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಪ್ರತಿಯೊಬ್ಬ ತಾಯಿತಂದೆಯೂ ಗಮನಿಸಬೇಕು. 13 ರಾಜ್ಯಗಳ 12,447 ಮಕ್ಕಳನ್ನು ವಿಚಾರಿಸಿದಾಗ ನೂರಕ್ಕೆ 53 ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದುದಾಗಿ ಹೇಳಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಗಂಡುಮಕ್ಕಳು. ಕೃತ್ಯವೆಸಗಿದವರಲ್ಲಿ ಅರ್ಧದಷ್ಟು ಜನ ಮಗುವಿಗೆ ಪರಿಚಿತರು ಅಥವಾ ಮಗುವು ನಂಬಿದ ಸ್ಥಾನದಲ್ಲಿದ್ದವರು. ಬಹುಪಾಲು ಮಕ್ಕಳು ಈ ಸಂಗತಿಯನ್ನು ಯಾರಿಗೂ ಹೇಳಿರಲಿಲ್ಲ.

ಏಕೆ ಹೇಳಲಿಲ್ಲ? ‘ಹಿರಿಯರು ಹೇಳಿದಂತೆ ಕೇಳು, ಎದುರು ಮಾತಾಡಬೇಡ’ ಎಂದು ಕಲಿಸಿದವರು ನಾವೇ. ವಿನಯವು ದೊಡ್ಡ ಗುಣ, ಸಂದೇಹವಿಲ್ಲ. ಆದರೆ ಆ ವಿನಯಕ್ಕೆ ಎಲ್ಲೆಯೊಂದಿದೆ ಎಂಬುದನ್ನು ಕಲಿಸಲಿಲ್ಲ. ಕಾಕಾ ಆಗಲಿ, ಸೋದರಮಾವನಾಗಲಿ, ಪಾಠ ಹೇಳುವ ಗುರುವಾಗಲಿ, ಪಾದಕ್ಕೆರಗಿಸಿಕೊಳ್ಳುವ ಪೂಜ್ಯರೇ ಆಗಲಿ, ಮೈಮುಟ್ಟಿದಾಗ ಮಗುವಿಗೆ ಅಸಹ್ಯವೆನಿಸಿದರೆ ‘ಬೇಡ’ ಎನ್ನುವ ಅಧಿಕಾರ ಅದಕ್ಕುಂಟು. ಇದು ಅವಿನಯವಲ್ಲ. ಅಂತಹ ಗಳಿಗೆಯಲ್ಲಿ ಭಯದಿಂದ ಮೈ ಮರಗಟ್ಟಿ ಧ್ವನಿಯೇ ಹೊರಡದಿರುವುದೂ ಉಂಟು. ಅದು ಮಗುವಿನ ತಪ್ಪಲ್ಲ, ಒಪ್ಪಿಗೆಯೂ ಅಲ್ಲ.

2012ರ ಪೋಕ್ಸೊ ಕಾಯಿದೆಯ ಪ್ರಕಾರ 18 ವರ್ಷದೊಳಗಿನವರ ಒಪ್ಪಿಗೆಗೆ ಕಾನೂನಿನ ಮಾನ್ಯತೆಯೇ ಇಲ್ಲ. ಹಾಗಾದರೆ ಎಂಟು, ಒಂಬತ್ತು, ಹತ್ತನೆಯ ತರಗತಿಯವರಿಗೆ ಸಮ್ಮತಿಯ ಪಾಠವೇಕೆ ಎಂದು ಕೆಲವರು ಕೇಳಬಹುದು. ಉತ್ತರ ಸರಳವಾಗಿದೆ. ಕಾಯಿದೆಯು ಶಿಕ್ಷೆ ವಿಧಿಸುತ್ತದೆ, ಶೀಲವನ್ನು ರೂಪಿಸುವುದಿಲ್ಲ. ಹದಿನಾಲ್ಕರ ಹುಡುಗನು ಇನ್ನೊಬ್ಬರ ‘ಬೇಡ’ ಎಂಬ ಮಾತಿಗೆ ಬೆಲೆ ಕೊಡುವುದನ್ನು ಕಲಿಯದೆ ಇಪ್ಪತ್ತನಾಲ್ಕರಲ್ಲಿ ತಾನಾಗಿ ಕಲಿಯಲಾರ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ಇಂತಹ ಪಾಠದಲ್ಲಿ ಅಶ್ಲೀಲವಾದುದೇನೂ ಇಲ್ಲ. ಒಪ್ಪಿಗೆಯು ಬೆದರಿಕೆಯಿಲ್ಲದೆ ಬರಬೇಕು. ಒಂದು ಕಾರ್ಯಕ್ಕೆ ಕೊಟ್ಟ ಒಪ್ಪಿಗೆ ಮತ್ತೊಂದಕ್ಕೆ ಸಲ್ಲದು. ಕೊಟ್ಟ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಗೆಳತಿ ನಂಬಿ ಕಳಿಸಿದ ಭಾವಚಿತ್ರವನ್ನು ಮೊಬೈಲಿನಲ್ಲಿ ನಾಲ್ಕು ಜನರಿಗೆ ಹಂಚುವುದೂ ಸಮ್ಮತಿಯ ಉಲ್ಲಂಘನೆಯೇ. ಹುಡುಗಿ ನಿರಾಕರಿಸಿದರೆ ಅದು ಅವಮಾನವಲ್ಲ; ಬೆನ್ನುಹತ್ತಿ ಪೀಡಿಸುವುದು ಪ್ರೇಮವಲ್ಲ. ಇವನ್ನು ಹೆಣ್ಣುಮಕ್ಕಳಿಗಷ್ಟೇ ಹೇಳಿ, ಗಂಡುಮಕ್ಕಳನ್ನು ಆಟದ ಬಯಲಿಗೆ ಕಳಿಸಿಬಿಟ್ಟರೆ ಪಾಠ ಅರ್ಧವೂ ಆಗಲಿಲ್ಲ.

‘ಇದರಿಂದ ಮಕ್ಕಳು ಕೆಡುತ್ತಾರೆ’ ಎಂಬ ಆತಂಕ ಹೊಸದಲ್ಲ. 2007ರಲ್ಲಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ವಿರೋಧಿಸಿದವು. ಆದರೆ ಅನೇಕ ದೇಶಗಳ ಅಧ್ಯಯನಗಳನ್ನು ಪರಿಶೀಲಿಸಿದ ಯುನೆಸ್ಕೊ ಸಂಸ್ಥೆಯು, ಇಂತಹ ಶಿಕ್ಷಣದಿಂದ ಮಕ್ಕಳಲ್ಲಿ ಲೈಂಗಿಕ ಚಟುವಟಿಕೆ ಹೆಚ್ಚುವುದಿಲ್ಲವೆಂದು ತನ್ನ 2018ರ ಮಾರ್ಗದರ್ಶಿಯಲ್ಲಿ ತಿಳಿಸಿದೆ. ಶಾಲೆ ಹೇಳದಿದ್ದರೆ ಮಕ್ಕಳು ಅಜ್ಞಾನಿಗಳಾಗಿ ಉಳಿಯುವುದಿಲ್ಲ. ಕೈಯಲ್ಲಿರುವ ಮೊಬೈಲು ಹೇಳುತ್ತದೆ, ಅದೂ ವಿಕೃತವಾಗಿ. ವಯಸ್ಸಿಗೆ ತಕ್ಕ ಪಠ್ಯವನ್ನು ಸರಕಾರಗಳು ಸಿದ್ಧಪಡಿಸಬೇಕೆಂದು 2020ರ ಪೋಕ್ಸೊ ನಿಯಮಗಳೇ ಹೇಳುತ್ತವೆ.

ಅಧ್ಯಾಪಕರು ಒಂದು ಸಂಗತಿಯನ್ನು ಮರೆಯಬಾರದು. ಮಗುವು ತನ್ನ ಸಂಕಟವನ್ನು ಹೇಳಿಕೊಂಡಾಗ ‘ಯಾರಿಗೂ ಹೇಳುವುದಿಲ್ಲ’ ಎಂದು ಮಾತು ಕೊಡಲಾಗದು. ಇಂತಹ ಅಪರಾಧ ತಿಳಿದುಬಂದವರು ಪೊಲೀಸರಿಗೆ ವರದಿ ಮಾಡಲೇಬೇಕು. ಸಂಸ್ಥೆಯ ಹೆಸರು ಕೆಟ್ಟೀತೆಂದು ಮುಚ್ಚಿಟ್ಟರೆ ಅದೇ ಶಿಕ್ಷಾರ್ಹ. ಹಾಗೆಂದು ಪಾಲಕರು ಠಾಣೆಗೆ ಅಂಜಬೇಕಾಗಿಲ್ಲ. ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲಿಯೇ ಪಡೆಯಬಹುದು. ಪಡೆಯುವ ಅಧಿಕಾರಿ ಸಮವಸ್ತ್ರದಲ್ಲಿರಕೂಡದು. ಮಗುವಿನ ಗುರುತನ್ನು ಪತ್ರಿಕೆಗಳು ಪ್ರಕಟಿಸಕೂಡದು. ಮಕ್ಕಳ ಸಹಾಯವಾಣಿಯ ಸಂಖ್ಯೆ 1098 ಮತ್ತು ತುರ್ತು ನೆರವಿನ ಸಂಖ್ಯೆ 112 ಪ್ರತಿ ಮಗುವಿಗೂ ಬಾಯಿಪಾಠವಾಗಿರಬೇಕು.

ಓದುಗ ಬಂಧುಗಳು ಪಠ್ಯಕ್ರಮ ಬರಲೆಂದು ಕಾಯಬೇಕಾಗಿಲ್ಲ. ಮನೆಗೆ ಬಂದ ನೆಂಟರ ತೊಡೆಯ ಮೇಲೆ ಕೂಡ್ರಲು ಮಗು ಒಲ್ಲೆನೆಂದರೆ ಒತ್ತಾಯಿಸದಿರುವುದೇ ಮೊದಲ ಪಾಠ. ಅಣ್ಣನಾದವನು ತಂಗಿಯ ‘ಬೇಡ’ವನ್ನು ಕೇಳಿಸಿಕೊಳ್ಳುವಂತೆ ಮಾಡುವುದು ಎರಡನೆಯದು. ಮಗು ಏನನ್ನಾದರೂ ಹೇಳಬಂದಾಗ ಮೊದಲು ನಂಬುವುದು, ಆಮೇಲೆ ಪ್ರಶ್ನಿಸುವುದು ಮೂರನೆಯದು. ‘ಮನೆತನದ ಮರ್ಯಾದೆ’ ಎಂಬ ಮಾತನ್ನು ಮಗುವಿನ ಬಾಯಿಗೆ ಬೀಗವಾಗಿ ಬಳಸುವ ಮನೆತನಕ್ಕೆ ಉಳಿಯುವ ಮರ್ಯಾದೆಯಾದರೂ ಯಾವುದು?