ಅಜ್ಜಿಯ ಎಲ್ಲೆ, ಮೊಮ್ಮಕ್ಕಳ ದಾರಿ

ಜೈನ ಶ್ರಾವಕನ ಹನ್ನೆರಡು ವ್ರತಗಳಲ್ಲಿ ಐದು ಅಣುವ್ರತಗಳನ್ನು ಎಲ್ಲರೂ ಬಲ್ಲರು. ಅವುಗಳ ಬೆನ್ನಿಗೆ ಬರುವ ದಿಗ್ವ್ರತದ ಹೆಸರು ಮಾತ್ರ ಈಗ ಅಪರೂಪವಾಗಿ ಕೇಳಿಬರುತ್ತದೆ. ಹತ್ತು ದಿಕ್ಕುಗಳಲ್ಲಿ ಇಂತಿಷ್ಟು ದೂರ ಹೋಗುವೆನು, ಅದರಾಚೆಗೆ ಜೀವವಿರುವವರೆಗೂ ಹೋಗೆನು ಎಂದು ಎಲ್ಲೆ ಹಾಕಿಕೊಳ್ಳುವುದೇ ದಿಗ್ವ್ರತ. ಎಲ್ಲೆಯಾಚೆಯ ನೆಲದಲ್ಲಿ ವ್ರತಿಯಿಂದ ಸೂಕ್ಷ್ಮ ಪಾಪವೂ ಘಟಿಸದು. ಅಷ್ಟರ ಮಟ್ಟಿಗೆ ಗೃಹಸ್ಥನ ಅಣುವ್ರತವು ಮಹಾವ್ರತದ ಸಮೀಪಕ್ಕೆ ಬರುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಮುದ್ರ, ನದಿ, ಅಡವಿ, ಪರ್ವತಗಳನ್ನು ಇಂತಹ ಎಲ್ಲೆಗಳೆಂದು ಹೇಳಿದ್ದಾರೆ. ವಾರಕ್ಕೆ ಎರಡು ರಜೆ ಬಂದರೆ ಕಾರು ಹೊರಡಿಸುವ ನಮ್ಮ ಕಾಲಕ್ಕೆ ಇದು ವಿಚಿತ್ರವಾಗಿ ಕಂಡೀತು.

ಮೂಡಬಿದಿರೆಯ ಸಮೀಪದ ಮನೆಯೊಂದರ ಹಿರಿಯ ಅಜ್ಜಿ ಈ ವ್ರತವನ್ನು ಹಿಡಿದವರು. ಪಡುವಣಕ್ಕೆ ಕಡಲು, ಮೂಡಣಕ್ಕೆ ಘಟ್ಟದ ಬುಡ, ತೆಂಕಣಕ್ಕೆ ನೇತ್ರಾವತಿ, ಬಡಗಣಕ್ಕೆ ವರಂಗ. ಸಾವಿರ ಕಂಬದ ಬಸದಿಯೂ 1432ರ ಕಾರ್ಕಳದ ಬಾಹುಬಲಿಯೂ 1604ರ ವೇಣೂರಿನ ಬಾಹುಬಲಿಯೂ ಎಲ್ಲೆಯ ಒಳಗಿವೆ. ಶ್ರವಣಬೆಳಗೊಳ ಹೊರಗುಳಿಯಿತು, ಬೆಂಗಳೂರಿನಲ್ಲಿರುವ ಮೊಮ್ಮಗನ ಮನೆಯೂ ಹೊರಗುಳಿಯಿತು. ಆ ಮನೆಯ ಗೃಹಪ್ರವೇಶಕ್ಕೆ ಅಜ್ಜಿ ಹೋಗಲಿಲ್ಲ. ಮರಿಮಗಳು ಹುಟ್ಟಿದಾಗಲೂ ಹೋಗಲಿಲ್ಲ. ನೆಂಟರಲ್ಲಿ ಕೆಲವರು ಇದನ್ನು ಹಟವೆಂದರು. ನನಗೆ ಹಾಗೆ ತೋರುವುದಿಲ್ಲ. ಹೋಗಬೇಕೆಂಬ ಆಸೆ ಮೂಡದ ಕಡೆಗೆ ಎಲ್ಲೆ ಹಾಕಿಕೊಂಡರೆ ಅದರಲ್ಲಿ ತ್ಯಾಗವೆಲ್ಲಿಯದು?

ಇನ್ನೊಂದು ಸಂಗತಿ ಆ ಮನೆಯವರಿಗೂ ತಡವಾಗಿ ತಿಳಿಯಿತು. ‘ಬನ್ನಿ’ ಎಂದು ಅಜ್ಜಿ ಯಾರನ್ನೂ ಕರೆಯುತ್ತಿರಲಿಲ್ಲ. ಬೆಂಗಳೂರಿನಿಂದ ಏನು ತರಲಿ ಎಂದರೆ ಏನೂ ಬೇಡವೆನ್ನುತ್ತಿದ್ದರು. ತತ್ತ್ವಾರ್ಥಸೂತ್ರವು ದೇಶವ್ರತದ ಅತಿಚಾರಗಳನ್ನು ಹೇಳುವಾಗ ಆನಯನವನ್ನು, ಅಂದರೆ ಎಲ್ಲೆಯ ಹೊರಗಿನಿಂದ ತರಿಸಿಕೊಳ್ಳುವುದನ್ನು, ಮೊದಲಿಗೆ ಇಡುತ್ತದೆ. ದೇಶವ್ರತದ ಆ ನಿಯಮವನ್ನು ಅಜ್ಜಿ ತಮ್ಮ ದಿಗ್ವ್ರತಕ್ಕೂ ಅನ್ವಯಿಸಿಕೊಂಡಿದ್ದರು. ತಾನು ಹೋಗದೆ, ಮಕ್ಕಳನ್ನು ಇತ್ತ ಎಳೆಸಿಕೊಂಡರೆ ವ್ರತದ ತಿರುಳೇನು ಉಳಿಯಿತು ಎಂಬುದು ಅವರ ಎಣಿಕೆ.

ಕರೆಯದಿದ್ದರೂ ಮೊಮ್ಮಗನು ಹೆಂಡತಿ ಮತ್ತು ಇಬ್ಬರು ಚಿಕ್ಕ ಮಕ್ಕಳೊಡನೆ ಶನಿವಾರಗಳಲ್ಲಿ ಹೊರಡುವುದುಂಟು. ಗುರಿಯಿಲ್ಲದೆ ತಿರುಗುವುದನ್ನೂ ಇತರರನ್ನು ತಿರುಗಿಸುವುದನ್ನೂ ಸಮಂತಭದ್ರರು ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದ್ದಾರೆ; ಹಿರಿಯರನ್ನು ಕಾಣಲು ಹೋಗುವ ದಾರಿ ಆ ಲೆಕ್ಕಕ್ಕೆ ಬಾರದು. ಆದರೆ ದಾರಿ 300 ಕಿ.ಮೀ.ಗೂ ಹೆಚ್ಚು. ಹಾಸನ, ಸಕಲೇಶಪುರ ದಾಟಿ ಶಿರಾಡಿ ಘಟ್ಟ ಇಳಿಯಬೇಕು. (ಹೋಗುವ ದಿನವೇ ಶ್ರವಣಬೆಳಗೊಳಕ್ಕೂ ತಿರುಗಿ, ಸುಡುವ ಬಂಡೆಯ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲ ಮಕ್ಕಳಿಂದ ನಡುಹಗಲಿನಲ್ಲಿ ಹತ್ತಿಸುವವರಿದ್ದಾರೆ. ಅದು ಭಕ್ತಿಯಲ್ಲ, ಅವಸರ.)

ಒಂದು ಶನಿವಾರ ಘಟ್ಟದಲ್ಲಿ ವಾಹನಗಳು ಸಾಲಾಗಿ ನಿಂತುಬಿಟ್ಟವು. ಮಳೆ ಹನಿಯುತ್ತಿತ್ತು. ಅಜ್ಜಿಗೆ ರಾತ್ರಿಭೋಜನ ತ್ಯಾಗವಿದೆ. ಸೂರ್ಯಾಸ್ತದೊಳಗೆ ಊರು ಸೇರಿದರೆ ಮಕ್ಕಳೊಡನೆ ಕುಳಿತು ಉಣ್ಣುವುದು ಅವರ ಸಂತೋಷ. ಕಾದು ಕುಳಿತರೆ ಆ ರಾತ್ರಿ ಉಪವಾಸವೇ. ದಾರಿ ತೆರವಾದಾಗ ಮೊಮ್ಮಗನ ಕಾಲು ವೇಗದ ಕಡೆಗೇ ಹೋಯಿತು. ಹಿಂದಿನ ಆಸನದಲ್ಲಿ ಮಕ್ಕಳು, ಮುಂದೆ ತಿರುವುಗಳು, ಮಳೆಗಾಲದಲ್ಲಿ ರಸ್ತೆ ದಾಟುವ ಕಪ್ಪೆಗಳು, ಹಾವುಗಳು. ಮುನಿಗಳ ಈರ್ಯಾಸಮಿತಿಯು ನಾಲ್ಕು ಮೊಳ ನೆಲವನ್ನು ನೋಡುತ್ತಾ ಹಗಲಿನಲ್ಲಿ ನಡೆಯುವುದು. ಕಾರಿಗೆ ಅದು ಒಗ್ಗದೆಂಬುದು ನಿಜ. ಆದರೂ ತತ್ತ್ವಾರ್ಥಸೂತ್ರವು ಹಿಂಸೆಯನ್ನು ವಿವರಿಸುವಾಗ ಪ್ರಾಣಹಾನಿಯ ಜೊತೆಗೆ ಪ್ರಮಾದವನ್ನು ಇಟ್ಟಿದೆ. ಎಚ್ಚರದಿಂದ ನಡೆಯುವವನ ಕಾಲಡಿಗೆ ಅರಿಯದೆ ಸಿಕ್ಕಿದ ಜೀವಿಗೂ ಅವಸರದ ಚಕ್ರಕ್ಕೆ ಸಿಕ್ಕಿದ ಜೀವಿಗೂ ನೋವು ಒಂದೇ; ಕರ್ಮಬಂಧ ಒಂದೇ ಅಲ್ಲ.

ಸೊಸೆ ದೂರವಾಣಿಯಲ್ಲಿ ಅಜ್ಜಿಗೆ ತಡವಾಗುವುದನ್ನು ತಿಳಿಸಿದಳು. ಅಜ್ಜಿ ಹೇಳಿದ್ದು ಇಷ್ಟೇ: “ನಾನು ಈಗಲೇ ಉಣ್ಣುತ್ತೇನೆ ಮಗಾ. ಗಡಿಬಿಡಿ ಬೇಡವೆಂದು ಅವನಿಗೆ ಹೇಳು. ಬೆಳಕಿರುವಾಗಲೇ ಮಕ್ಕಳಿಗೆ ಏನಾದರೂ ತಿನ್ನಿಸು.”

ಮಕ್ಕಳಿಗಾಗಿ ಕಾದು ಉಪವಾಸವಿರುವುದನ್ನೇ ಲೋಕವು ವಾತ್ಸಲ್ಯವೆನ್ನುತ್ತದೆ. ಅಜ್ಜಿಯ ಲೆಕ್ಕ ಬೇರೆ. ಮಾಡುವುದು, ಮಾಡಿಸುವುದು, ಮಾಡಿದ್ದನ್ನು ಒಪ್ಪುವುದು, ಈ ಮೂರರಿಂದಲೂ ಪಾಪಾಸ್ರವವಿದೆ. ತನ್ನ ಹಸಿವು ಘಟ್ಟದಲ್ಲಿ ಮೊಮ್ಮಗನ ವೇಗವಾದರೆ ಅದು ಮಾಡಿಸಿದ ಹಿಂಸೆ. ಆದುದರಿಂದ ಒಬ್ಬರೇ ಕುಳಿತು ಉಂಡರು. ಬಯಸಿದ ಪಂಕ್ತಿಯನ್ನು ಬಿಟ್ಟು ಉಂಡ ಆ ಊಟವು ಉಪವಾಸಕ್ಕಿಂತ ಕಠಿಣವಾಗಿತ್ತೆಂದೇ ನಾನು ಭಾವಿಸುತ್ತೇನೆ.

ಮೊಮ್ಮಗನು ಘಟ್ಟವಿಳಿದ ಮೇಲೆ ಕಾರು ನಿಲ್ಲಿಸಿದನು. ಕಟ್ಟಿತಂದಿದ್ದ ಚಪಾತಿ, ಚಟ್ನಿಪುಡಿಯನ್ನು ಮಕ್ಕಳು ರಸ್ತೆಬದಿಯಲ್ಲಿ ತಿಂದರು. ಅವರು ಮನೆ ಮುಟ್ಟುವಾಗ ಕತ್ತಲಾಗಿತ್ತು. ಅಜ್ಜಿ ಜಗಲಿಯಲ್ಲಿ ಜಪಸರ ಹಿಡಿದು ಕುಳಿತಿದ್ದರು. ಮರುದಿನ ಬೆಳಿಗ್ಗೆ ಮಕ್ಕಳು ಬಸದಿಯ ಕಂಬಗಳನ್ನು ಎಣಿಸಹೋಗಿ ಮೂರು ಬಾರಿ ಲೆಕ್ಕ ತಪ್ಪಿದರು. ಅಜ್ಜಿ ತಿದ್ದಲಿಲ್ಲ. ಹಗಲಿನ ಊಟವನ್ನು ಎಲ್ಲರೂ ಒಟ್ಟಿಗೆ, ತುಸು ಬೇಗನೆ ಮುಗಿಸಿದರು.

ಹೊರಡುವಾಗ ಮರಿಮಗಳು, “ಅಜ್ಜಿ, ನೀವು ಎಲ್ಲಿಯವರೆಗೆ ಬರಬಹುದು?” ಎಂದು ಕೇಳಿದಳು. ಅಜ್ಜಿ ನಕ್ಕು, ಸೀರೆಯ ಸೆರಗು ಸರಿಪಡಿಸಿಕೊಂಡು, ಮನೆಯ ಹುಡುಗನೊಬ್ಬನನ್ನು ಜೊತೆಗೆ ಕರೆದು, ಕಾರಿನಲ್ಲಿ ಅವಳ ಪಕ್ಕದಲ್ಲಿ ಕುಳಿತರು. ವೇಣೂರಿನಲ್ಲಿ ಇಳಿದು ಎಲ್ಲರೂ ಬಾಹುಬಲಿಗೆ ಕೈಮುಗಿದರು. ಅಲ್ಲಿಂದ ಕಾರು ಘಟ್ಟದ ಕಡೆಗೆ ಹೋಯಿತು. ಅಜ್ಜಿ ಆ ಹುಡುಗನೊಡನೆ ಮೂಡಬಿದಿರೆಯ ಬಸ್ಸು ಹತ್ತಿದರು.