ಸಿಸ್ಟಂ ಇಮೇಜ್‌ಗೆ ಮುನ್ನ ಹಾರ್ಡ್ ಡಿಸ್ಕಿನ ಸಿದ್ಧತೆ

ಬೆಂಗಳೂರಿನ ಬೆನ್ಸನ್ ಟೌನ್, ಫ್ರೇಜರ್ ಟೌನ್, ಶಿವಾಜಿನಗರಗಳಂತಹ ಬಹುಭಾಷಾ ಬಡಾವಣೆಗಳಲ್ಲಿ ಮದುವೆಯ ಕರೆಯೋಲೆ, ಕರಪತ್ರಗಳನ್ನು ಕನ್ನಡ, ಉರ್ದು, ತಮಿಳು, ಇಂಗ್ಲಿಷುಗಳಲ್ಲಿ ಅಚ್ಚಿಗೆ ಅಣಿಗೊಳಿಸುವ ಡಿಟಿಪಿ ಕಂಪ್ಯೂಟರೊಂದು ಕೆಟ್ಟರೆ, ಕಡತಗಳ ಪ್ರತಿ ಬೇರೆಡೆ ಇದ್ದ ಮಾತ್ರಕ್ಕೆ ಕೆಲಸ ಸಾಗುವುದಿಲ್ಲ. ಕನ್ನಡ ಗಣಕ ಪರಿಷತ್ತಿನ ನುಡಿ, ಉರ್ದುವಿನ ಇನ್‌ಪೇಜ್, 2001ರ 7.0 ಆವೃತ್ತಿಗೇ ನಿಂತುಹೋದ ಪೇಜ್‌ಮೇಕರ್, ಯೂನಿಕೋಡ್ ಪೂರ್ವದ ಫಾಂಟ್‌ಗಳು ಇವೆಲ್ಲ ಹಿಂದಿದ್ದ ಜೋಡಣೆಯಲ್ಲೇ ದೊರೆತರೆ ಮಾತ್ರ ಹಳೆಯ ಪುಟ ಓದಲು ಬರುತ್ತದೆ. ಫಾಂಟ್ ಇಲ್ಲದಿದ್ದರೆ ಕನ್ನಡದ ಜಾಗದಲ್ಲಿ ಅರ್ಥವಿಲ್ಲದ ರೋಮನ್ ಚಿಹ್ನೆಗಳು ಕಾಣುತ್ತವೆ. ಆದ್ದರಿಂದಲೇ ಕಾರ್ಯಾಚರಣ ವ್ಯವಸ್ಥೆ, ತಂತ್ರಾಂಶ, ಫಾಂಟ್, ಕಡತಗಳ ಸಹಿತ ಇಡೀ ಡಿಸ್ಕನ್ನು ಇದ್ದಂತೆಯೇ ಹಿಡಿದಿಡುವ ಸಿಸ್ಟಂ ಇಮೇಜ್ ಇಲ್ಲಿ ಬೇಕಾಗುತ್ತದೆ. ಆದರೆ 'ಇದ್ದಂತೆಯೇ' ಎಂದಮೇಲೆ ವೈರಸ್ಸು, ಕಸ, ಕೆಟ್ಟ ಕಡತ ಎಲ್ಲವೂ ಅದರೊಳಗೆ ಸೇರಿಬಿಡುತ್ತವೆ.

ಹಾಗಾಗದಂತೆ ಡಿಸ್ಕನ್ನು ಸಿದ್ಧಗೊಳಿಸುವಾಗ ಮೊದಲು ತಿಳಿಯಬೇಕಾದುದು ಅದರ ಆರೋಗ್ಯ. ಹಾರ್ಡ್ ಡಿಸ್ಕಿನೊಳಗಿನ ಕಾಂತೀಯ ಲೇಪದ ತಟ್ಟೆಗಳ ಮೇಲೆ ಮಾಹಿತಿಯು ಸೆಕ್ಟರ್ ಎಂಬ ತುಣುಕುಗಳಲ್ಲಿ, ಹಳೆಯ ಡಿಸ್ಕುಗಳಲ್ಲಿ 512 ಬೈಟ್‌ಗಳಂತೆ, ಹೊಸವುಗಳಲ್ಲಿ ಸಾಮಾನ್ಯವಾಗಿ 4,096 ಬೈಟ್‌ಗಳಂತೆ ಬರೆಯಲ್ಪಟ್ಟಿರುತ್ತದೆ. ಸೆಕ್ಟರ್ ಒಂದು ಕೆಟ್ಟರೆ ಡಿಸ್ಕು ತಾನಾಗಿಯೇ ಮೀಸಲು ಸೆಕ್ಟರನ್ನು ಅದರ ಬದಲಿಗೆ ಬಳಸುತ್ತದೆ ಮತ್ತು ಹೀಗೆ ಬದಲಾದ, ಬದಲಾಗಬೇಕಿರುವ ಸೆಕ್ಟರ್‌ಗಳ ಲೆಕ್ಕವನ್ನು ಸ್ಮಾರ್ಟ್ ಎಂಬ ಸ್ವಯಂ ತಪಾಸಣಾ ದಾಖಲೆಯಲ್ಲಿ ಇಡುತ್ತದೆ. ಈ ಸಂಖ್ಯೆ ಏರುತ್ತಿದ್ದರೆ ಶುಚಿಗೊಳಿಸುವ, ಚದುರಿದ ಕಡತಗಳನ್ನು ಒಗ್ಗೂಡಿಸುವ ಡಿಫ್ರಾಗ್ ಮಾಡುವ, ಗಂಟೆಗಟ್ಟಲೆ ಮೇಲ್ಮೈ ಪರೀಕ್ಷಿಸುವ ಯಾವ ಕೆಲಸಕ್ಕೂ ಕೈಹಾಕದೆ, ಕಸಸಹಿತವಾಗಿಯೇ ಕೂಡಲೇ ಇಮೇಜ್ ತೆಗೆಯುವುದು ಜಾಣತನ. ಸಾಯುತ್ತಿರುವ ಡಿಸ್ಕಿಗೆ ಅಚ್ಚುಕಟ್ಟಿನ ಉಪಚಾರವೇ ಕೊನೆಯ ಪೆಟ್ಟಾಗಬಹುದು.

ಡಿಸ್ಕು ಆರೋಗ್ಯವಾಗಿದ್ದರೆ ವೈರಸ್ ತಪಾಸಣೆಯ ನಂತರ ವಿಂಡೋಸಿನ ಚೆಕ್ ಡಿಸ್ಕ್ ಉಪಕರಣದಿಂದ ಕಡತ ವ್ಯವಸ್ಥೆಯ ದೋಷಗಳನ್ನು ಸರಿಪಡಿಸಿ, ತಾತ್ಕಾಲಿಕ ಕಡತಗಳನ್ನೂ ರೀಸೈಕಲ್ ಬಿನ್ನನ್ನೂ ಖಾಲಿ ಮಾಡಬೇಕು. ತೆರೆದ ಕೆಲಸವನ್ನು ಡಿಸ್ಕಿನಲ್ಲಿ ಉಳಿಸಿ ಯಂತ್ರ ನಿಲ್ಲಿಸುವ ಹೈಬರ್ನೇಶನ್ ಸೌಲಭ್ಯವನ್ನು ನಿಷ್ಕ್ರಿಯಗೊಳಿಸಿದರೆ ಹಲವು ಗಿಗಾಬೈಟ್‌ಗಳ ಕಡತವೊಂದು ಅಳಿಯುವುದಲ್ಲದೆ, ಅದನ್ನೇ ನೆಚ್ಚಿರುವ ಫಾಸ್ಟ್ ಸ್ಟಾರ್ಟಪ್ ಕೂಡ ನಿಂತು ಕಂಪ್ಯೂಟರು ಪೂರ್ಣವಾಗಿ ಮುಚ್ಚಿಕೊಳ್ಳುತ್ತದೆ. ಕ್ಲೋನ್‌ಜಿಲ್ಲಾದಂತಹ, ವಿಂಡೋಸಿನ ಹೊರಗಿನಿಂದ ಇಮೇಜ್ ತೆಗೆಯುವ ಸಾಧನ ಬಳಸುವವರಿಗೆ ಹೀಗೆ ಪೂರ್ಣವಾಗಿ ಮುಚ್ಚುವುದು ಅಗತ್ಯ.

ಅಳಿಸಿದ ಕಡತವು ಸಾಮಾನ್ಯವಾಗಿ ಕೂಡಲೇ ಡಿಸ್ಕಿನಿಂದ ಮಾಯವಾಗುವುದಿಲ್ಲ. ಪುಸ್ತಕದ ಪರಿವಿಡಿಯಲ್ಲಿ ಹೆಸರು ಹೊಡೆದುಹಾಕಿದರೂ ಪುಟ ಉಳಿದಿರುವಂತೆ ಅದರ ಮಾಹಿತಿ ಸೆಕ್ಟರ್‌ಗಳಲ್ಲೇ ಇರುತ್ತದೆ. ಬಳಕೆಯಲ್ಲಿರುವ ಸೆಕ್ಟರ್‌ಗಳನ್ನಷ್ಟೇ ನಕಲಿಸುವ ಸಾಧನಗಳಿಗೆ ಇದರಿಂದ ಬಾಧೆಯಿಲ್ಲ. ಎಲ್ಲ ಸೆಕ್ಟರ್‌ಗಳನ್ನೂ ನಕಲಿಸುವ ಸಾಧನವಾದರೆ ಖಾಲಿ ಜಾಗವನ್ನು ಸೊನ್ನೆಗಳಿಂದ ತುಂಬಿಸುವುದು ಒಳ್ಳೆಯದು, ಏಕೆಂದರೆ ಸೊನ್ನೆಗಳ ಉದ್ದನೆಯ ಸಾಲು ಕುಗ್ಗಿಸಿದಾಗ ಬಲು ಚಿಕ್ಕದಾಗುತ್ತದೆ. ಎಸ್‌ಎಸ್‌ಡಿಗಳಿಗೆ ಸೊನ್ನೆ ತುಂಬಿಸುವುದೂ ಡಿಫ್ರಾಗೂ ವ್ಯರ್ಥ ಸವೆತ. ಅಲ್ಲಿ ಬಳಕೆಯಲ್ಲಿಲ್ಲದ ಜಾಗವನ್ನು ಡಿಸ್ಕಿಗೆ ತಿಳಿಸುವ ಟ್ರಿಮ್ ಆದೇಶವೇ ಸಾಕು.

ಇಮೇಜನ್ನು ಬೇರೊಂದು ಡಿಸ್ಕಿನಲ್ಲಿ ಇಡಬೇಕು. ಫ್ಯಾಟ್32 ವಿನ್ಯಾಸದಲ್ಲಿ 4 ಗಿಗಾಬೈಟ್‌ಗಿಂತ ದೊಡ್ಡ ಕಡತ ಹಿಡಿಸದ ಕಾರಣ ಆ ಡಿಸ್ಕಿನ ವಿನ್ಯಾಸ ಎನ್‌ಟಿಎಫ್‌ಎಸ್ ಆಗಿರಲಿ. ನಡುವೆ ಕರೆಂಟು ಹೋದರೆ ಅರ್ಧ ಇಮೇಜ್ ನಿಷ್ಪ್ರಯೋಜಕವಾದ್ದರಿಂದ ಯುಪಿಎಸ್ ಬೇಕು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟಿನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ಹಳೆಯ ಯಂತ್ರ ಬದಲಿಸಲು ಹೊರಟಿರುವ ಅಂಗಡಿಗಳು ಅದನ್ನು ಗುಜರಿಗೆ ಹಾಕುವ ಮೊದಲೇ ಈ ಕೆಲಸ ಮುಗಿಸಿಕೊಳ್ಳಲಿ.